ಗಿರಿಯಿಂದ ಕಳಸದವರೆಗೆ: ಕಾಫಿ ಸೀಮೆಗೆ ಹೊರಟವರಿಗೆ

ಚಿಕ್ಕಮಗಳೂರನ್ನು ಎರಡು ದಿನದ ವಾರಾಂತ್ಯದಲ್ಲಿ ನೋಡಿ ಮುಗಿಸುವವರೇ ಹೆಚ್ಚು. ಸಾಧ್ಯವಾದರೆ ಇನ್ನೊಂದು ದಿನ ಸೇರಿಸಿ, ಮೂಡಿಗೆರೆ ಹಾದು ಕಳಸದವರೆಗೂ ಹೋಗಿ. 1947ರವರೆಗೆ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಈ ಮಲೆನಾಡಿನ ಚರಿತ್ರೆ, ದುಡಿಮೆ, ದೇವರು ಎಲ್ಲವೂ ಆ ಒಂದೇ ದಾರಿಯಲ್ಲಿ ಸಿಗುತ್ತವೆ.

ಯಾವಾಗ ಹೋಗಬೇಕು?

ತೋಟದ ಕೆಲಸ ನೋಡಬೇಕೆಂದರೆ ಡಿಸೆಂಬರ್, ಜನವರಿ ಒಳ್ಳೆಯದು. ಆಗ ಕಾಫಿ ಕುಯ್ಲಿನ ಕಾಲ. ಸಂಜೆಯಾಗುತ್ತಲೇ ಹಣ್ಣಿನ ಚೀಲಗಳು ತೂಕಕ್ಕೆ ಬರುತ್ತವೆ. ಒಬ್ಬೊಬ್ಬರು ಕುಯ್ದದ್ದನ್ನು ಲೆಕ್ಕ ಬರೆದುಕೊಂಡ ಮೇಲೆ ಹಣ್ಣು ಪಲ್ಪರ್‌ಗೆ ಬೀಳುತ್ತದೆ. ಸಿಪ್ಪೆ ಸುಲಿದ ಬೀಜವನ್ನು ತೊಳೆದು ಕಣದಲ್ಲಿ ಹರಡಿದರೆ ಪಾರ್ಚ್‌ಮೆಂಟ್, ಇಡೀ ಹಣ್ಣನ್ನೇ ಒಣಗಿಸಿದರೆ ಚೆರಿ.

ಹೂವು ನೋಡುವ ಆಸೆಯಿದ್ದರೆ ಮಾರ್ಚ್ ಹೊತ್ತಿಗೆ ಬನ್ನಿ. ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂತೆ ಘಮಘಮಿಸುತ್ತದೆ; ಕೆಲವೇ ದಿನಗಳಲ್ಲಿ ಬಾಡುತ್ತದೆ. ತಂಗುವ ಮನೆಯವರನ್ನು ಕೇಳಿಕೊಂಡೇ ಹೊರಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ, ಜೊತೆಗೆ ಇಂಬಳ.

ಮೊದಲ ದಿನ: ಗಿರಿ

ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಬೆಳಗ್ಗೆ ಬೇಗ ಹತ್ತಿ. ಪಕ್ಕದ ಬಾಬಾಬುಡನ್‌ಗಿರಿ ಹಿಂದೂಗಳಿಗೆ ದತ್ತಪೀಠ, ಮುಸ್ಲಿಮರಿಗೆ ದರ್ಗಾ. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂಬುದು ಜನರ ನಂಬಿಕೆ. ಗಿರಿಗೆ ಹೋಗುವ ವಾಹನಗಳಿಗೆ ನಿರ್ಬಂಧಗಳಿರುತ್ತವೆ. ಡಿಸೆಂಬರ್‌ನ ದತ್ತ ಜಯಂತಿಯ ದಿನಗಳಲ್ಲಂತೂ ಮೊದಲೇ ವಿಚಾರಿಸಿ.

ಎರಡನೇ ದಿನ: ಮೂಡಿಗೆರೆ

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಸುಮಾರು 30 ಕಿ.ಮೀ. ಈ ತಾಲ್ಲೂಕಿನ ಅಂಗಡಿ ಗ್ರಾಮವೇ ಹೊಯ್ಸಳರ ಮೂಲನೆಲೆಯಾದ ಸೊಸೆವೂರು. ವಾಸಂತಿಕಾ ದೇವಿಯ ಗುಡಿ, ಹಳೆಯ ಬಸದಿಗಳು ಅಲ್ಲಿವೆ. ಬೇಲೂರಿನ ವೈಭವ ಕಂಡವರು ಅದರ ಬೇರನ್ನು ಇಲ್ಲಿ ನೋಡಬೇಕು. ಪೂರ್ಣಚಂದ್ರ ತೇಜಸ್ವಿ ಬಾಳಿ, ತೋಟ ಮಾಡಿ, ಬರೆದದ್ದೂ ಇದೇ ಮೂಡಿಗೆರೆಯಲ್ಲಿ. ಕೊಟ್ಟಿಗೆಹಾರದಲ್ಲಿ ಅವರ ಹೆಸರಿನ ಪ್ರತಿಷ್ಠಾನವಿದೆ; ಅಲ್ಲೇ ಬಿಸಿ ನೀರುದೋಸೆ ತಿಂದು ಮುಂದೆ ಹೋಗಿ. 2019ರ ಆಗಸ್ಟ್ ಮಳೆಗೆ ಈ ಸುತ್ತಿನ ಗುಡ್ಡಗಳು ಕುಸಿದು, ಮನೆ-ತೋಟಗಳು ಕೊಚ್ಚಿಹೋದವು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ಸ್ಥಿತಿ ತಿಳಿಯದೆ ಇಳಿಯಬೇಡಿ.

ಮೂರನೇ ದಿನ: ಕಳಸ

ಭದ್ರೆಯ ತೀರದ ಕಳಸೇಶ್ವರನ ದರ್ಶನ ಮುಗಿಸಿದರೆ ಹೊರನಾಡು ಅನ್ನಪೂರ್ಣೇಶ್ವರಿ ಸನ್ನಿಧಿಗೆ 8 ಕಿ.ಮೀ. ಅಲ್ಲಿ ಬಂದವರಿಗೆಲ್ಲ ಊಟವಿದೆ. ಕುದುರೆಮುಖ ಹತ್ತುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮುಂಗಡವಾಗಿ ಪಡೆಯಬೇಕು. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಭದ್ರೆ ಇಂದು ತಿಳಿಯಾಗಿ ಹರಿಯುತ್ತಿರುವುದರ ಹಿಂದೆ ಆ ಗಣಿಗಾರಿಕೆಯ ವಿರುದ್ಧ ನಡೆದ ಹೋರಾಟವಿದೆ.

ಇಷ್ಟು ನೆನಪಿಡಿ

ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಸುಮಾರು 245 ಕಿ.ಮೀ, ರೈಲಿನಲ್ಲಿ ಬರುವವರಿಗೆ ಕಡೂರು ಅನುಕೂಲ. ಕಳಸದ ಕಡೆ ಸಂಜೆಯ ಮೇಲೆ ಬಸ್ಸು ಕಡಿಮೆ, ದಾರಿಯಲ್ಲಿ ಮೊಬೈಲ್ ಸಿಗ್ನಲ್ಲೂ ಅಷ್ಟಕ್ಕಷ್ಟೆ. ದಾರಿಬದಿಯ ಕಾಫಿ ತೋಟ ಒಬ್ಬರ ವರ್ಷದ ಅನ್ನ. ಕೇಳದೆ ಒಳಗೆ ಕಾಲಿಡಬೇಡಿ, ಫೋಟೋಗಾಗಿ ರೆಂಬೆ ಬಗ್ಗಿಸಬೇಡಿ, ತಂದ ಪ್ಲಾಸ್ಟಿಕ್ಕನ್ನು ವಾಪಸ್ ಒಯ್ಯಿರಿ.