ಆರೋಗ್ಯ ವಿಮೆ: ಕುಟುಂಬದಲ್ಲಿ ಹೊರಗುಳಿಯುವವರು ಯಾರು?

2008ರಲ್ಲಿ ಆರಂಭವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯು ಕುಟುಂಬದ ಐವರಿಗೆ ಮಾತ್ರ, ವಾರ್ಷಿಕ 30,000 ರೂಪಾಯಿಗಳವರೆಗೆ ರಕ್ಷಣೆ ನೀಡುತ್ತಿತ್ತು. ಕೂಡುಕುಟುಂಬಗಳಲ್ಲಿ ಆರನೆಯವರಿಗೆ ಅದು ದೊರೆಯುತ್ತಿರಲಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಯೋಜನೆಯು ಸದಸ್ಯರ ಸಂಖ್ಯೆ, ವಯಸ್ಸು ಹಾಗೂ ಲಿಂಗದ ಮಿತಿಯಿಲ್ಲದೆ, ಅರ್ಹ ಕುಟುಂಬವೊಂದಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಒದಗಿಸುತ್ತದೆ.

ನಿಯಮದ ಅಡ್ಡಿ ನೀಗಿದರೂ ದಾಖಲೆಯ ಅಡ್ಡಿ ಉಳಿದಿದೆ. ಪಡಿತರ ಚೀಟಿಗೆ ಹೆಸರು ಸೇರದ ಸೊಸೆ, ದುಡಿಮೆಯಿಂದ ಬೆರಳಚ್ಚು ಸವೆದ ವೃದ್ಧರು, ವಲಸೆ ಹೋದ ಯುವಕರು ನೋಂದಣಿಯಿಂದ ತಪ್ಪಿಹೋಗುವ ಸಂಭವವಿದೆ. ಕುಟುಂಬವಾರು ಲೆಕ್ಕದಲ್ಲಿ ಈ ಕೊರತೆ ಕಾಣುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕಾಣುತ್ತದೆ. ಆದ್ದರಿಂದ ಸದಸ್ಯರು ಆಶಾ ಕಾರ್ಯಕರ್ತೆಯರ ನೆರವಿನಿಂದ ತಮ್ಮ ವಾರ್ಡಿನ ವಯಸ್ಸುವಾರು, ಲಿಂಗವಾರು ಪಟ್ಟಿ ಸಿದ್ಧಪಡಿಸಿ, ಬಿಟ್ಟುಹೋದವರ ನೋಂದಣಿಯನ್ನು ಗ್ರಾಮಸಭೆಯಲ್ಲಿ ಪರಿಶೀಲಿಸುವುದು ಅಗತ್ಯ.