ಅಪರಾಧ ನಿರ್ಣಯ ಮತ್ತು ಸದಸ್ಯತ್ವ: ಸ್ಥಾನ ತೆರವಾಗುವುದು ಯಾವಾಗ?

(ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ಸದಸ್ಯರೊಬ್ಬರ ಮೇಲೆ ಕ್ರಿಮಿನಲ್ ಪ್ರಕರಣ ದಾಖಲಾದೊಡನೆ ಅವರ ಸದಸ್ಯತ್ವ ಹೋಯಿತೆಂದು ಕೆಲವರು ತಿಳಿಯುತ್ತಾರೆ. ಶಿಕ್ಷೆಯಾದರೂ ಮೇಲ್ಮನವಿ ಸಲ್ಲಿಸಿದರೆ ಸ್ಥಾನ ಉಳಿಯುತ್ತದೆಂದು ಇನ್ನು ಕೆಲವರು ನಂಬುತ್ತಾರೆ. ಎರಡೂ ತಪ್ಪು. ಮೊದಲನೆಯ ತಪ್ಪಿನಿಂದ ಜನರು ಆರಿಸಿದ ಪ್ರತಿನಿಧಿಗೆ ಅನ್ಯಾಯವಾಗುತ್ತದೆ. ಎರಡನೆಯದರಿಂದ ಅನರ್ಹರೊಬ್ಬರು ಸಭೆಯಲ್ಲಿ ಮತ ಚಲಾಯಿಸಿ, ಠರಾವುಗಳ ಸಿಂಧುತ್ವವೇ ವಿವಾದಕ್ಕೊಳಗಾಗುತ್ತದೆ.

ಕಾನೂನಿನ ಆಧಾರ

ಸಂವಿಧಾನದ 243ಎಫ್ ಅನುಚ್ಛೇದದ ಪ್ರಕಾರ, ರಾಜ್ಯ ವಿಧಾನಮಂಡಲದ ಚುನಾವಣೆಗೆ ಅನರ್ಹನಾದ ವ್ಯಕ್ತಿ ಪಂಚಾಯತಿ ಸದಸ್ಯತ್ವಕ್ಕೂ ಅನರ್ಹ. ವಯೋಮಿತಿಯಲ್ಲಿ ಮಾತ್ರ ವಿನಾಯಿತಿಯಿದ್ದು, 21 ವರ್ಷ ತುಂಬಿದ್ದರೆ ಸಾಕು. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಅಧಿನಿಯಮದ 12ನೇ ಪ್ರಕರಣವು ಅನರ್ಹತೆಗಳನ್ನು ಹೇಳುತ್ತದೆ. ಆದ್ದರಿಂದ ಶಾಸಕರಿಗೆ ಅನ್ವಯಿಸುವ 1951ರ ಪ್ರಜಾಪ್ರತಿನಿಧಿತ್ವ ಅಧಿನಿಯಮದ 8ನೇ ಪ್ರಕರಣವು ನಮಗೂ ಅನ್ವಯಿಸುತ್ತದೆ. ಅದರಲ್ಲಿ ಮೂರು ವರ್ಗಗಳಿವೆ:

1. ಅಸ್ಪೃಶ್ಯತೆಯ ಆಚರಣೆ, ಚುನಾವಣಾ ಲಂಚ, ಭ್ರಷ್ಟಾಚಾರ, ಪತಿ ಅಥವಾ ಆತನ ಬಂಧುಗಳಿಂದ ಸ್ತ್ರೀಗೆ ಕ್ರೌರ್ಯ ಮೊದಲಾದ ನಿರ್ದಿಷ್ಟ ಅಪರಾಧಗಳು. ಇವುಗಳಲ್ಲಿ ದಂಡ ಮಾತ್ರ ವಿಧಿಸಿದರೂ ಆರು ವರ್ಷಗಳ ಅನರ್ಹತೆ ಉಂಟು.
2. ಕಾಳಸಂತೆಯ ದಾಸ್ತಾನು, ಆಹಾರ ಕಲಬೆರಕೆ, ವರದಕ್ಷಿಣೆ ಸಂಬಂಧದ ಅಪರಾಧಗಳು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಕಾರಾವಾಸವಾಗಿರಬೇಕು.
3. ಬೇರೆ ಯಾವುದೇ ಅಪರಾಧ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಕಾರಾವಾಸವಾಗಿರಬೇಕು.

ಕಾರಾವಾಸದ ಶಿಕ್ಷೆಯಾದಾಗ ಅನರ್ಹತೆಯು ಅಪರಾಧ ನಿರ್ಣಯದ ದಿನದಿಂದ ಆರಂಭವಾಗಿ, ಬಿಡುಗಡೆಯ ನಂತರವೂ ಆರು ವರ್ಷ ಮುಂದುವರಿಯುತ್ತದೆ.

ಮೇಲ್ಮನವಿ, ಜಾಮೀನು, ತಡೆಯಾಜ್ಞೆ

ಹಿಂದೆ ಹಾಲಿ ಸಂಸದರು ಹಾಗೂ ಶಾಸಕರಿಗೆ ಮೇಲ್ಮನವಿ ಸಲ್ಲಿಸಲು ಮೂರು ತಿಂಗಳ ರಕ್ಷಣೆಯಿತ್ತು. ಸರ್ವೋಚ್ಚ ನ್ಯಾಯಾಲಯವು ಲಿಲಿ ಥಾಮಸ್ ಪ್ರಕರಣದಲ್ಲಿ 2013ರ ಜುಲೈ 10ರಂದು ಅದನ್ನು ರದ್ದುಪಡಿಸಿತು.

ಅದರ ಪರಿಣಾಮ ಬೆಂಗಳೂರಿನಲ್ಲಿಯೇ ಕಂಡುಬಂದಿತು. ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಜೆ. ಜಯಲಲಿತಾ ಅವರಿಗೆ ಅಕ್ರಮ ಆಸ್ತಿ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು 2014ರ ಸೆಪ್ಟೆಂಬರ್ 27ರಂದು ನಾಲ್ಕು ವರ್ಷ ಕಾರಾವಾಸ ಹಾಗೂ 100 ಕೋಟಿ ರೂಪಾಯಿ ದಂಡ ವಿಧಿಸಿತು. ಶಾಸಕ ಸ್ಥಾನವೂ ಮುಖ್ಯಮಂತ್ರಿ ಪದವಿಯೂ ಹೋದವು. ಅಕ್ಟೋಬರ್‌ನಲ್ಲಿ ಜಾಮೀನು ದೊರೆತರೂ ಸ್ಥಾನ ಮರಳಲಿಲ್ಲ. 2015ರ ಫೆಬ್ರವರಿಯಲ್ಲಿ ಶ್ರೀರಂಗಂ ಕ್ಷೇತ್ರಕ್ಕೆ ಉಪಚುನಾವಣೆ ನಡೆಯಿತು. ಕರ್ನಾಟಕ ಉಚ್ಚ ನ್ಯಾಯಾಲಯವು 2015ರ ಮೇ 11ರಂದು ದೋಷಮುಕ್ತಗೊಳಿಸಿದ ಬಳಿಕವೇ ಅವರು ಮತ್ತೆ ಅಧಿಕಾರ ವಹಿಸಿಕೊಂಡರು. ಅವರ ನಿಧನಾನಂತರ, 2017ರ ಫೆಬ್ರವರಿ 14ರಂದು, ಸರ್ವೋಚ್ಚ ನ್ಯಾಯಾಲಯವು ಆ ಬಿಡುಗಡೆಯ ತೀರ್ಪನ್ನು ರದ್ದುಗೊಳಿಸಿತು.

ಇನ್ನೊಂದು ಉದಾಹರಣೆ ಕೋಲಾರದ ಭಾಷಣದ್ದು. 2019ರ ಏಪ್ರಿಲ್ 13ರ ಆ ಭಾಷಣಕ್ಕಾಗಿ ರಾಹುಲ್ ಗಾಂಧಿ ಅವರಿಗೆ ಸೂರತ್ ನ್ಯಾಯಾಲಯವು 2023ರ ಮಾರ್ಚ್ 23ರಂದು ಎರಡು ವರ್ಷ ಶಿಕ್ಷೆ ವಿಧಿಸಿತು. ಮರುದಿನವೇ ಲೋಕಸಭಾ ಸದಸ್ಯತ್ವ ಹೋಯಿತು. ಏಪ್ರಿಲ್‌ನಲ್ಲಿ ಜಾಮೀನು ಸಿಕ್ಕಿದರೂ ಸದಸ್ಯತ್ವ ಬರಲಿಲ್ಲ. ಆಗಸ್ಟ್ 4ರಂದು ಸರ್ವೋಚ್ಚ ನ್ಯಾಯಾಲಯವು ಅಪರಾಧ ನಿರ್ಣಯಕ್ಕೇ ತಡೆ ನೀಡಿದ ಮೇಲೆ, 7ರಂದು ಅದು ಮರುಸ್ಥಾಪನೆಯಾಯಿತು.

ಶಿಕ್ಷೆಯ ಅಮಾನತು ಸೆರೆವಾಸವನ್ನು ಮಾತ್ರ ತಡೆಯುತ್ತದೆ. ಅಪರಾಧ ನಿರ್ಣಯಕ್ಕೆ ತಡೆ ಸಿಕ್ಕರೆ ಮಾತ್ರ ಅನರ್ಹತೆ ನಿಲ್ಲುತ್ತದೆ. ಆದೇಶದ ಪ್ರತಿಯಲ್ಲಿ ಈ ಎರಡರಲ್ಲಿ ಯಾವುದಿದೆ ಎಂಬುದನ್ನು ಓದಿ ನೋಡುವುದು ಅವಶ್ಯ.

ನಮ್ಮಲ್ಲಿ ಅನ್ವಯ

ಒಂದು ಕಲ್ಪಿತ ಪ್ರಸಂಗ. ಸೊಪ್ಪಿನ ಬೆಟ್ಟದ ಗಡಿಯ ಜಗಳದಲ್ಲಿ ಸದಸ್ಯರೊಬ್ಬರು ನೆರೆಯವರಿಗೆ ಹೊಡೆದು, ಆರು ತಿಂಗಳ ಶಿಕ್ಷೆಗೆ ಗುರಿಯಾದರೆಂದು ಭಾವಿಸೋಣ. ಶಿಕ್ಷೆ ಎರಡು ವರ್ಷಕ್ಕಿಂತ ಕಡಿಮೆಯಿರುವುದರಿಂದ 8ನೇ ಪ್ರಕರಣದಂತೆ ಅವರು ಅನರ್ಹರಲ್ಲ. 12ನೇ ಪ್ರಕರಣದ ಇತರ ಖಂಡಗಳನ್ನು ಮಾತ್ರ ಪರಿಶೀಲಿಸಬೇಕು. ಆದರೆ ಅದೇ ಸದಸ್ಯರು ಪರಿಶಿಷ್ಟ ಜಾತಿಯವರಿಗೆ ಸಾರ್ವಜನಿಕ ಬಾವಿಯ ನೀರು ನಿರಾಕರಿಸಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮದಡಿ ಅಪರಾಧಿ ಎನಿಸಿದರೆ, ದಂಡ ಮಾತ್ರವಾದರೂ ಸ್ಥಾನ ಉಳಿಯದು.

ಇಂತಹ ಸಂದರ್ಭದಲ್ಲಿ ಬಹುಮತದ ಠರಾವಿನಿಂದ ಹೆಸರು ಹೊಡೆದುಹಾಕುವ ಅಧಿಕಾರ ಪಂಚಾಯತಿಗೆ ಇಲ್ಲ. ಅನರ್ಹತೆಯ ಪ್ರಶ್ನೆಯನ್ನು ಕಾನೂನು ನಿಗದಿಪಡಿಸಿದ ಪ್ರಾಧಿಕಾರವೇ ತೀರ್ಮಾನಿಸಬೇಕು. ತೀರ್ಪಿನ ದೃಢೀಕೃತ ಪ್ರತಿಯೊಂದಿಗೆ ತಾಲ್ಲೂಕು ಪಂಚಾಯತಿ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಲಿಖಿತ ವರದಿ ಸಲ್ಲಿಸುವುದು ಯೋಗ್ಯ ಕ್ರಮ.

ದುರ್ನಡತೆಗಾಗಿ 43ಎ ಅಥವಾ 48(4)ನೇ ಪ್ರಕರಣದಡಿ ತೆಗೆದುಹಾಕುವುದು, ಅಧ್ಯಕ್ಷ ಉಪಾಧ್ಯಕ್ಷರ ಮೇಲೆ 49ನೇ ಪ್ರಕರಣದಡಿ ಅವಿಶ್ವಾಸ ಮಂಡಿಸುವುದು ಬೇರೆ ದಾರಿಗಳು. ಮೊದಲನೆಯದಕ್ಕೆ ಅಹವಾಲು ಕೇಳಿ ವಿಚಾರಣೆ ನಡೆಸಬೇಕು; ಎರಡನೆಯದಕ್ಕೆ ಮೂರನೇ ಎರಡರಷ್ಟು ಸದಸ್ಯರ ಬೆಂಬಲ ಬೇಕು. ಇವನ್ನು ಅನರ್ಹತೆಯೊಂದಿಗೆ ಬೆರೆಸಬಾರದು. ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಂತಹ ಸರ್ಕಾರಿ ನೌಕರರಿಗೆ ಸಂವಿಧಾನದ 311ನೇ ಅನುಚ್ಛೇದ ಅನ್ವಯಿಸುತ್ತದೆ. ಅಪರಾಧ ನಿರ್ಣಯಕ್ಕೆ ಕಾರಣವಾದ ನಡತೆಯ ಆಧಾರದ ಮೇಲೆ ಅವರನ್ನು ಇಲಾಖಾ ವಿಚಾರಣೆಯಿಲ್ಲದೆ ವಜಾಗೊಳಿಸಬಹುದು. ಆ ಅಧಿಕಾರವೂ ಪಂಚಾಯತಿಯದಲ್ಲ.

ಚರ್ಚೆಗೆ ಪ್ರಶ್ನೆಗಳು

1. ದೋಷಾರೋಪ ಪಟ್ಟಿ ಸಲ್ಲಿಕೆಯಾದ ಮಾತ್ರಕ್ಕೆ ಸದಸ್ಯರನ್ನು ಸಭೆಗೆ ಕರೆಯದಿರುವುದು ಸರಿಯೇ?
2. ಮೂರು ವರ್ಷ ಶಿಕ್ಷೆಯಾದ ಸದಸ್ಯರು ಜಾಮೀನಿನ ಆದೇಶ ತೋರಿಸಿ ಸಭೆಗೆ ಬಂದರೆ ಏನು ಮಾಡಬೇಕು?
3. ಶಿಕ್ಷೆಯಾದವರು ನಮ್ಮದೇ ಬಣದವರಾದರೂ ನಾವು ಇದೇ ನಿಯಮವನ್ನು ಪಾಲಿಸುತ್ತೇವೆಯೇ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಪ್ರತಿಯೊಬ್ಬ ಸದಸ್ಯರೂ ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳತಕ್ಕದ್ದು.