ಎರಡನೆಯ ನಾಯಿಯ ವಿಚಾರ

ಚಿರಂಜೀವಿಯಾದ ತಮ್ಮನ ಮಗಳಿಗೆ ರಾಮನಗರದಿಂದ ನಿನ್ನ ದೊಡ್ಡಪ್ಪನ ಅನೇಕ ಆಶೀರ್ವಾದಗಳು.

ದಾಂಡೇಲಿಯ ಗೃಹಸ್ಥರೊಬ್ಬರು ಮನೆ ಖಾಲಿಮಾಡಿ ಸ್ವಂತ ಊರಿಗೆ ಹೊರಟಿರುವರೆಂದೂ, ಅವರ ಹೆಣ್ಣುನಾಯಿಯನ್ನು ನೀನು ಬರುವ ಭಾನುವಾರ ಕುಂಬಾರವಾಡಕ್ಕೆ ಕರೆತರಲಿರುವೆಯೆಂದೂ, ನಿಮ್ಮ ನಾಯಿ ಕರಿಯನಿಗೆ ಇದರಿಂದ ಒಂದು ಜೊತೆಯಾಗುವುದೆಂದೂ ನಿನ್ನ ತಾಯಿ ದೂರವಾಣಿಯಲ್ಲಿ ಹೇಳಿದಳು. ಹೇಳುವಾಗ ಅವಳ ಧ್ವನಿಯಲ್ಲಿದ್ದ ಉತ್ಸಾಹ ಎಷ್ಟು ತೆಳುವಾಗಿತ್ತೆಂಬುದನ್ನು ನೀನು ಗಮನಿಸಿಲ್ಲ, ನಾನು ಗಮನಿಸಿದೆ. ಮರುಗಳಿಗೆಯಲ್ಲಿಯೇ ನೀನು ಆ ನಾಯಿಯ ಭಾವಚಿತ್ರವನ್ನೂ ಕಳಿಸಿದೆ. ಕತ್ತನ್ನು ಓರೆಮಾಡಿ, ಒಂದು ಕಿವಿಯನ್ನು ಮಡಿಸಿ ಕುಳಿತ ನಾಯಿಯ ಚಿತ್ರವನ್ನು ನೋಡಿ ಬೇಡವೆನ್ನಬಲ್ಲ ಕಠಿನಹೃದಯರು ಲೋಕದಲ್ಲಿ ಹೆಚ್ಚು ಜನ ಇರಲಾರರು. ಆದುದರಿಂದಲೇ ಚಿತ್ರವನ್ನು ನೋಡಿ ನಾಯಿಯನ್ನು ತರಬಾರದು. ಇದನ್ನು ನಿನಗೊಬ್ಬಳಿಗೇ ಬರೆಯದೆ ಪತ್ರಿಕೆಗೂ ಕೊಡುತ್ತಿರುವೆನಾದರೆ, ಅದಕ್ಕೆ ಕಾರಣ ನಮ್ಮ ಸೂಪಾ ಸೀಮೆಯಲ್ಲಿ ನಿನ್ನಂಥ ಮೃದುಹೃದಯದ ಯುವಜನರೂ, ನಾಯಿಯನ್ನು ಹಸ್ತಾಂತರಿಸಲು ಕಾದಿರುವ ಗೃಹಸ್ಥರೂ ಈಚೆಗೆ ಬಹಳವಾಗಿರುವುದು.

ಬೇಡವೆಂದು ತಡೆಯುವುದು ನನ್ನ ಉದ್ದೇಶವಲ್ಲ. ಉಭಯ ಪಕ್ಷಗಳನ್ನೂ ನಿಷ್ಪಕ್ಷಪಾತವಾಗಿ ನಿನ್ನ ಮುಂದಿಟ್ಟು ನಿರ್ಧಾರವನ್ನು ನಿನಗೇ ಬಿಡುವೆನು. ತರುವ ಪಕ್ಷದಲ್ಲಿ ಹೇಳತಕ್ಕದ್ದು ಇಷ್ಟು: ಒಂದು ಜೀವಕ್ಕೆ ಆಶ್ರಯವಾಗುತ್ತದೆ, ನಿಮ್ಮ ಅಂಗಳ ವಿಶಾಲವಾಗಿದೆ, ನಿನಗೆ ಪ್ರಾಣಿಗಳ ಮೇಲೆ ನಿಜವಾದ ಅಕ್ಕರೆಯಿದೆ. ಆ ಪಕ್ಷ ಇಲ್ಲಿಗೆ ಮುಗಿಯಿತು. ಇನ್ನೊಂದು ಪಕ್ಷವನ್ನು ಹೇಳಬೇಕಾದರೆ ನಾನು ನಿನ್ನನ್ನು ಹಳೆಯ ಸೂಪಾಕ್ಕೆ ಕರೆದೊಯ್ಯಬೇಕು.

ಗಣೇಶಗುಡಿಯ ಅಣೆಕಟ್ಟನ್ನು ನೀನು ಅನೇಕ ಸಲ ನೋಡಿರುವೆ. 101 ಮೀಟರು ಎತ್ತರದ ಆ ಗೋಡೆಯ ಹಿಂದೆ ನಿಂತಿರುವ ನೀರಿನ ಅಡಿಯಲ್ಲಿ, ಕಾಳಿಯೂ ಪಾಂಡರಿಯೂ ಕೂಡುತ್ತಿದ್ದ ಸ್ಥಳದಲ್ಲಿ, ನಾನು ಹುಟ್ಟಿ ಬೆಳೆದ ಊರು ಇತ್ತು. ತಾಲೂಕಿಗೇ ಹೆಸರು ಕೊಟ್ಟಿದ್ದ ಆ ಊರು ಮುಳುಗಿದ ಮೇಲೆ ತಾಲೂಕು ಜೋಯಿಡಾದ ಹೆಸರನ್ನು ಧರಿಸಿತು. ನಮ್ಮ ತಂದೆಯವರದು ಅಲ್ಲಿ ಒಂದು ಸಣ್ಣ ಕಿರಾಣಿ ಅಂಗಡಿ. ಅಂಗಡಿಯ ಕಟ್ಟೆಯ ಕೆಳಗೆ, ಕುಣಬಿಯರ ಕೇರಿಯಿಂದ ಮರಿಯಾಗಿ ಬಂದ ಮೋತಿ ಎಂಬ ಬೂದುಬಣ್ಣದ ನಾಯಿ ಇತ್ತು. ಅದಕ್ಕೆ ಕುಲವೂ ಇರಲಿಲ್ಲ, ಗೋತ್ರವೂ ಇರಲಿಲ್ಲ. ಗಂಜಿಯ ತಿಳಿಯನ್ನೂ ಒಣಮೀನಿನ ತಲೆಯನ್ನೂ ತಿಂದು, ರಾತ್ರಿ ಹಂದಿ ಕಾಯಲು ಗದ್ದೆಯ ಮಾಳಕ್ಕೆ ಹೋಗುವವರ ಹಿಂದೆ ಹೋಗಿ, ಮುಂಜಾನೆ ಅವರಿಗಿಂತ ಮೊದಲೇ ಮರಳಿ ಕಟ್ಟೆಯ ಕೆಳಗೆ ಮಲಗುವುದು ಅದರ ದಿನಚರಿಯಾಗಿತ್ತು. ಆಷಾಢದ ಮಳೆಯಲ್ಲಿ ಒಮ್ಮೆ ಅದು ಊಟ ಬಿಟ್ಟು ತಲೆ ಕೊಡಹುತ್ತ, ಸೀನುತ್ತ, ಮೂಗಿನಿಂದ ರಕ್ತ ಸುರಿಸುತ್ತ ಬಂದಾಗ ತಂದೆಯವರು ಅದನ್ನು ತೊಡೆಯ ನಡುವೆ ಹಿಡಿದುಕೊಂಡು ಮೂತಿಯ ಮುಂದೆ ಬಟ್ಟಲು ನೀರನ್ನಿಟ್ಟರು. ಬಹಳ ಹೊತ್ತಾದ ಮೇಲೆ ಎಡಗಡೆಯ ಹೊಳ್ಳೆಯಿಂದ ಒಂದು ಉಂಬಳ ನೀರಿನ ವಾಸನೆಗೆ ತಲೆ ಹೊರಗೆ ಚಾಚಿತು. ತಂದೆಯವರು ಹೆಬ್ಬೆರಳಿಗೆ ಉಪ್ಪು ಹಚ್ಚಿಕೊಂಡು ಅದನ್ನು ಎಳೆದರು. ಮೋತಿ ಕಿರುಚಿತು, ಆದರೆ ಕಚ್ಚಲಿಲ್ಲ. ಒಂದು ನಾಯಿಯನ್ನು ಸಾಕುವುದೆಂದರೆ ಏನೆಂಬುದನ್ನು ನಾನು ಆ ದಿನ ಕಂಡೆ: ಅಂಗಡಿಗೆ ಬಂದ ಗಿರಾಕಿಗಳು ನಿಂತೇ ಇದ್ದರು, ತಂದೆಯವರು ಏಳಲಿಲ್ಲ.

ಅನಂತರ ಅಣೆಕಟ್ಟಿನ ಕಾಮಗಾರಿಯ ಕಾಲ ಬಂತು. ಪರಸ್ಥಳದ ಜನ ಬಂದರು. ಅವರ ಸಂಗಡ ಆ ವರೆಗೆ ನಾವು ಕಾಣದ ಜಾತಿಯ ನಾಯಿಗಳೂ ಬಂದವು. ಅವರಲ್ಲೊಬ್ಬ ನೌಕರನಿಗೆ ವರ್ಗವಾದಾಗ, ತನ್ನ ಅಲ್ಸೇಷನ್ ನಾಯಿಯನ್ನು ಒಯ್ಯಲಾರದೆ, ಅಂಗಡಿಯ ಉದ್ರಿಯ ಲೆಕ್ಕವನ್ನು ತೀರಿಸಲು ಬಂದ ದಿನವೇ ಅದನ್ನೂ ಸರಪಳಿಸಮೇತ ತಂದು ತಂದೆಯವರ ಕೈಗೆ ಕೊಟ್ಟ. "ಮಗುವಿನಂಥ ಪ್ರಾಣಿ, ಯಾವ ತೊಂದರೆಯೂ ಇಲ್ಲ" ಎಂದು ಅವನು ಹೇಳಿದ ಮಾತು ನನಗೆ ಇಂದಿಗೂ ಕೇಳಿಸುತ್ತದೆ, ಏಕೆಂದರೆ ನಾಯಿಯನ್ನು ಕೊಡುವವರೆಲ್ಲರೂ ಆಡುವ ಮಾತು ಅದೇ. ಹುಟ್ಟಿದಂದಿನಿಂದ ಅದು ಸರಪಳಿಯಲ್ಲಿಯೇ ಇತ್ತೆಂಬುದನ್ನೂ, ಓಡುವ ಯಾವುದನ್ನು ಕಂಡರೂ ಅದಕ್ಕೆ ಮೈಮೇಲೆ ಪ್ರಜ್ಞೆ ಇರುವುದಿಲ್ಲವೆಂಬುದನ್ನೂ ಅವನು ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ಮೊದಲ ಕೆಲವು ದಿನ ಎರಡೂ ಹಲ್ಲು ಕಿರಿದು ಗುರುಗುಟ್ಟಿದವು, ಬಳಿಕ ಗೆಳೆತನವಾಯಿತು. ಮನೆಯವರೆಲ್ಲರೂ ಸಂತೋಷಪಟ್ಟರು. ಆದರೆ ಆ ಗೆಳೆತನ ಬೆಳೆದಂತೆ ಮೋತಿ ಮಾಳಕ್ಕೆ ಹೋಗುವುದನ್ನು ಬಿಟ್ಟಿತು. ಇರುಳಾದೊಡನೆ ಎರಡೂ ಕಾಣೆಯಾಗುತ್ತಿದ್ದವು. ಮುಂಜಾನೆ ಕೆಸರುಗಾಲಿನಿಂದ ಬಂದು, ಕರೆದರೆ ಕಿವಿಯನ್ನೂ ಆಡಿಸದೆ ಮಲಗುತ್ತಿದ್ದವು. ಒಂದು ದಿನ ಬೆಳಿಗ್ಗೆ ಗೌಳಿವಾಡದ ಮುದುಕನೊಬ್ಬ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ನೀರು ಕೇಳಿ ಕುಡಿದು, ಬೆಣ್ಣೆಯ ಧಾರಣೆಯ ಮಾತನ್ನಾಡಿ, ಕಟ್ಟಕಡೆಗೆ ತನ್ನ ಎಮ್ಮೆಕರುವಿನ ಹಿಂದೊಡೆಯನ್ನು ನಾಯಿಗಳು ಹರಿದಿರುವ ಸಂಗತಿಯನ್ನು ಹೇಳಿದ. ಅವನು ಕೂಗಾಡಿದ್ದರೆ ತಂದೆಯವರೂ ಕೂಗಾಡುತ್ತಿದ್ದರು. ಅವನು ಮೆಲ್ಲಗೆ ಹೇಳಿದ್ದರಿಂದ ಎದ್ದು ಗಲ್ಲಾಪೆಟ್ಟಿಗೆಯನ್ನು ತೆರೆದರು. ಅದೇ ಚಳಿಗಾಲದಲ್ಲಿ ಮೋತಿಯನ್ನು ಕಾಡಿನ ಅಂಚಿನಲ್ಲಿ ಚಿರತೆ ಒಯ್ದಿತು. ಎಷ್ಟೋ ವರ್ಷ ಒಂಟಿಯಾಗಿದ್ದಾಗ, ಮಾಳಕ್ಕೆ ಹೋಗುವವರ ಸಂಗಡವಲ್ಲದೆ ಇರುಳಿನಲ್ಲಿ ಮನೆಯ ದೀಪದ ಬೆಳಕನ್ನು ದಾಟದೆ ಬಾಳಿದ ನಾಯಿ ಅದು.

ಇಷ್ಟನ್ನು ಏಕೆ ಹೇಳಿದೆನೆಂದರೆ, ಎರಡನೆಯ ನಾಯಿ ಬಂದಾಗ ಮನೆಯಲ್ಲಿ ನಾಯಿಗಳ ಸಂಖ್ಯೆ ಮಾತ್ರ ಹೆಚ್ಚುತ್ತದೆಂದು ನೀನು ತಿಳಿದಿರುವೆ. ನಾನು ಕಂಡಂತೆ ಮೊದಲನೆಯ ನಾಯಿಯೇ ಬೇರೆಯಾಗುತ್ತದೆ. ಒಂಟಿ ನಾಯಿ ಮನುಷ್ಯರದು. ಅದು ನಿನ್ನ ಮುಖವನ್ನು ನೋಡಿ ತನ್ನ ದಿನವನ್ನು ಕಳೆಯುತ್ತದೆ. ಎರಡಾದಾಗ ಅವು ಪರಸ್ಪರರ ಮುಖವನ್ನು ನೋಡತೊಡಗುತ್ತವೆ. ಪಟ್ಟಣದಲ್ಲಿ, ಗೋಡೆ ಗೇಟುಗಳ ನಡುವೆ, ಇದರಿಂದ ಹೆಚ್ಚಿನ ಅನರ್ಥವಾಗಲಿಕ್ಕಿಲ್ಲ. ಆದರೆ ನಿನ್ನ ಹಿತ್ತಿಲ ಬೇಲಿಯಾಚೆ ಇರುವುದು ಯಾವ ಭೂಮಿ? 1956ರಲ್ಲಿ ದಾಂಡೇಲಿ ಅಭಯಾರಣ್ಯವಾಗಿ, 2007ರಲ್ಲಿ ಅಣಶಿಯೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಗಿ, ಈಗ ಕಾಳಿಯ ಹೆಸರನ್ನು ಹೊತ್ತಿರುವ ಕಾಡು. ಅಲ್ಲಿಯ ಚಿರತೆಗೆ ನಾಯಿ ಪ್ರಿಯವಾದ ಆಹಾರವೆಂಬುದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು.

ಆದರೆ ಕಾಡಿನಿಂದ ನಾಯಿಗೆ ಬರುವ ಅಪಾಯವನ್ನು ಮಾತ್ರ ಎಣಿಸಿ, ನಾಯಿಯಿಂದ ಕಾಡಿಗೆ ಹೋಗುವ ಅಪಾಯವನ್ನು ನಾವು ಎಣಿಸುವುದೇ ಇಲ್ಲ. ಡಿಸ್ಟೆಂಪರ್ ಎಂಬ ರೋಗ ನಾಯಿಗಳಿಗೆ ಬರುತ್ತದೆ. ಕಣ್ಣು ಮೂಗು ಸುರಿದು, ಜ್ವರ ಬಂದು, ಕೊನೆಗೆ ದವಡೆ ಕಾಲುಗಳು ನಡುಗುತ್ತವೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಸಿಂಹಗಳು ಈ ರೋಗದಿಂದಲೇ ಸತ್ತವು. ಸುತ್ತಣ ಹಳ್ಳಿಗಳ ಸಾಕುನಾಯಿಗಳಿಂದ ಅದು ಹರಡಿತೆಂದು ತಿಳಿದವರು ನಿರ್ಣಯಿಸಿ, ಆ ಹಳ್ಳಿಗಳ ನಾಯಿಗಳಿಗೆ ಲಸಿಕೆ ಹಾಕಿಸುವ ಕಾರ್ಯವನ್ನು ಕೈಗೊಂಡರು. ದೂರದ ಮಾತೇಕೆ, 2018ರಲ್ಲಿ ನಮ್ಮ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಸಿಂಹಗಳು ಸತ್ತಾಗ ಅಲ್ಲಿಯೂ ಇದೇ ರೋಗಾಣು ಕಂಡುಬಂತು. ಹುಲಿ, ಚಿರತೆ, ಸೀಳುನಾಯಿ ಯಾವುದೂ ಇದಕ್ಕೆ ಹೊರತಲ್ಲ. ಲಸಿಕೆಯಿಲ್ಲದ ಎರಡು ನಾಯಿಗಳು ಇರುಳೆಲ್ಲ ಕಾಡು ಸುತ್ತಿ ಬರುವ ಮನೆ ಒಬ್ಬರ ಖಾಸಗಿ ಸಂಗತಿಯಾಗಿ ಉಳಿಯುವುದಿಲ್ಲ.

ಈಗ ನಿನ್ನ ವಾದಕ್ಕೆ ಬರುತ್ತೇನೆ. ಕರಿಯನಿಗೆ ಬೇಸರವೆನ್ನುವೆ. ಬೇಸರ ಕರಿಯನಿಗೋ, ಕರಿಯನಿಗೆ ಸಮಯ ಕೊಡಲಾಗದ ನಿನಗೋ? ಮುಂಜಾನೆ ಬಸ್ಸು ಹಿಡಿದು ದೀಪ ಹಚ್ಚುವ ಹೊತ್ತಿಗೆ ಮರಳುವವಳು ನೀನು. ಅದಕ್ಕೆ ಅನ್ನ ಹಾಕುವವಳು, ಉಣುಗು ಹೆಕ್ಕುವವಳು, ಮಳೆಯಲ್ಲಿ ಅದರ ಹಾಸನ್ನು ಒಣಗಿಸುವವಳು ನಿನ್ನ ತಾಯಿ. ಒಂದು ನಾಯಿಗೆ ಕೊಡಲಾಗದ ಹೊತ್ತನ್ನು ಇನ್ನೊಂದು ನಾಯಿಯನ್ನು ತಂದು ಕೊಡಿಸುವೆನೆಂಬುದು, ಸಾಲವನ್ನು ತೀರಿಸಲು ಸಾಲ ತಂದ ಹಾಗೆ. ಪುಣ್ಯವನ್ನು ನೀನು ಪಡೆದು, ಶ್ರಮವನ್ನು ಬೇರೆಯವರ ಹೆಗಲಿಗೆ ಹೊರಿಸುವ ಕರುಣೆಗೆ ಕರುಣೆಯೆಂಬ ಹೆಸರು ಸಲ್ಲದು. ಧರ್ಮರಾಯನ ಬೆನ್ನಹಿಂದೆ ಸ್ವರ್ಗದ ಬಾಗಿಲವರೆಗೆ ಹೋದದ್ದೂ ಒಂದೇ ನಾಯಿ. ದತ್ತಾತ್ರೇಯನ ಪಾದದ ಬಳಿ ನಾಲ್ಕು ನಾಯಿಗಳಿವೆಯಲ್ಲ ಎಂದು ನೀನು ಪ್ರತಿವಾದ ಹೂಡುವೆಯೆಂದು ಬಲ್ಲೆ. ಅವು ನಾಲ್ಕು ವೇದಗಳು, ಅವಕ್ಕೆ ಗಂಜಿ ಬೇಯಿಸಬೇಕಾಗಿಲ್ಲ.

ಮಾತು ಖಾರವಾಯಿತು. ಓದಿ ಮುಖ ಸಣ್ಣದು ಮಾಡಿಕೊಳ್ಳಬೇಡ. ನ್ಯಾಯಕ್ಕಾಗಿ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಊರು ಬಿಟ್ಟು ನಾವು ಈ ರಾಮನಗರಕ್ಕೆ ಸಾಮಾನು ಸಾಗಿಸಿದಾಗ ಆ ಅಲ್ಸೇಷನ್ ನಾಯಿಯನ್ನು ಬಿಟ್ಟುಬರುವಂತೆ ತಂದೆಯವರಿಗೆ ಅನೇಕರು ಹೇಳಿದರು. ಅವರು ಅದನ್ನು ಲಾರಿಯಲ್ಲಿ ಅಕ್ಕಿಯ ಚೀಲಗಳ ನಡುವೆ ಕೂರಿಸಿಕೊಂಡು ಬಂದರು. ಹೊಸ ಊರಿನಲ್ಲಿ ಹೊಳೆಯಿರಲಿಲ್ಲ, ಹಳೆಯ ಗಿರಾಕಿಗಳಿರಲಿಲ್ಲ. ಸಂಜೆ ಹೊತ್ತು ತಂದೆಯವರ ಸಂಗಡ ನಡೆಯಲು ಇದ್ದದ್ದು ಅದೊಂದೇ. ಒಂಟಿಯಾದ ಮೇಲೆ ಆ ನಾಯಿಯೂ ಸೌಮ್ಯವಾಯಿತು. ಅದನ್ನು ಬೈಯುತ್ತಲೇ ಕೊನೆಯವರೆಗೆ ಸಾಕಿದರು. ನಮ್ಮಲ್ಲಿ ಯಾರಾದರೂ ಬೈದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ಕಂಡವರು ಬಿಟ್ಟುಹೋದ ಪ್ರಾಣಿಯಲ್ಲಿ ಕೃತಜ್ಞತೆಯಿಲ್ಲವೆಂದು ನಾನು ಹೇಳಲಾರೆ.

ಆದುದರಿಂದ ನಿನ್ನ ಮನಸ್ಸು ನಿಲ್ಲದಿದ್ದರೆ ಹೀಗೆ ಮಾಡು. ಭಾನುವಾರ ಬರಿಗೈಯಲ್ಲಿ ದಾಂಡೇಲಿಗೆ ಹೋಗಿ ಆ ನಾಯಿಯನ್ನು ಅದರ ಮನೆಯಲ್ಲಿಯೇ ನೋಡು. ಅದು ಉಣ್ಣುವಾಗ ಹತ್ತಿರ ಹೋದರೆ ಏನು ಮಾಡುತ್ತದೆ, ಕೋಳಿಯನ್ನು ಕಂಡರೆ ಏನು ಮಾಡುತ್ತದೆ, ಸರಪಳಿ ಕಟ್ಟಿದ ಜಾಗದ ನೆಲ ಎಷ್ಟು ಸವೆದಿದೆ ನೋಡು. ಏಕೆ ಕೊಡುತ್ತೀರೆಂದು ಯಜಮಾನರನ್ನು ಕೇಳು. ಅದೇ ಪ್ರಶ್ನೆಯನ್ನು ನೆರೆಮನೆಯವರನ್ನೂ ಕೇಳು. ಲಸಿಕೆಯ ಪುಸ್ತಕ ಕೊಡುವಂತೆ ಕೇಳು. ಪುಸ್ತಕವಿಲ್ಲದಿದ್ದರೆ ಲಸಿಕೆಯೂ ಆಗಿಲ್ಲವೆಂದೇ ತಿಳಿದು, ಮನೆಗೆ ತರುವ ಮೊದಲೇ ಪಶು ಆಸ್ಪತ್ರೆಯ ವೈದ್ಯರಿಗೆ ತೋರಿಸು. ಹುಚ್ಚುನಾಯಿ ಕಚ್ಚಿದವರು ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಳ್ಳುತ್ತಿದ್ದ ಕಾಲದವನು ನಾನು. ಆ ರೋಗದ ವಿಷಯದಲ್ಲಿ ನನ್ನೊಡನೆ ವಾದಿಸಬೇಡ. ತಂದ ಮೇಲೆ ಎರಡು ವಾರವಾದರೂ ಕರಿಯನಿಂದ ದೂರವಿಟ್ಟು ಕೆಮ್ಮು, ಜ್ವರ, ಭೇದಿ ಯಾವುದೂ ಇಲ್ಲವೆಂದು ಖಚಿತಪಡಿಸಿಕೋ. ಮೊದಲ ಭೇಟಿ ನಿಮ್ಮ ಅಂಗಳದಲ್ಲಿ ಬೇಡ, ಅದು ಕರಿಯನ ರಾಜ್ಯ. ಹೊರಗೆ ರಸ್ತೆಯ ಮೇಲೆ ಇಬ್ಬರು ಒಂದೊಂದನ್ನು ಹಿಡಿದು ಅಕ್ಕಪಕ್ಕದಲ್ಲಿ ನಡೆಸಿರಿ. ಅನ್ನದ ತಟ್ಟೆಗಳು ಬೇರೆ ಬೇರೆ ಮೂಲೆಯಲ್ಲಿರಲಿ. ಗಂಡೂ ಹೆಣ್ಣೂ ಒಂದೆಡೆಯಿದ್ದರೆ ಒಮ್ಮೆ ಬೆದೆಗೆ ಬಂದ ಮೇಲೆ ಒಂಬತ್ತು ವಾರಗಳಲ್ಲಿ ಮರಿಗಳು ಕಣ್ಣುಮುಂದಿರುತ್ತವೆ. ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನು ಮುಂದಕ್ಕೆ ಹಾಕಬೇಡ. ಎಲ್ಲಕ್ಕೂ ಮಿಗಿಲಾಗಿ, ಕತ್ತಲಾದ ಮೇಲೆ ಎರಡೂ ಕದದ ಒಳಗಿರಬೇಕು. ಅಂಗಳದಲ್ಲಿ ಕಟ್ಟಿಹಾಕಿದ ನಾಯಿಯನ್ನು ಚಿರತೆ ಬಂದರೆ ಓಡಲೂ ಆಗದಂತೆ ನೀನೇ ಹಿಡಿದುಕೊಟ್ಟ ಹಾಗಾಗುತ್ತದೆ.

ಈ ಪಟ್ಟಿಯನ್ನು ಓದಿ ನಿನ್ನ ತಾಯಿಯ ಮುಂದೆ ಇಟ್ಟು, ಯಾವ ಯಾವ ಕೆಲಸ ಯಾರದೆಂದು ಅವಳೆದುರಿಗೇ ಹೆಸರು ಬರೆ. ನಿನ್ನ ಹೆಸರು ಅರ್ಧಕ್ಕಿಂತ ಹೆಚ್ಚು ಸಲ ಬಂದರೆ ನಾಯಿಯನ್ನು ತರಬಹುದು. ಬರದಿದ್ದರೆ ಆ ಗೃಹಸ್ಥರಿಗೆ ಬೇರೊಂದು ಮನೆ ಹುಡುಕಲು ನಾನೂ ನೆರವಾಗುವೆನು. ಬೇಲಿ ಗಟ್ಟಿಯಿದ್ದು, ಮನೆಯಲ್ಲಿ ಯಾರಾದರೂ ಸದಾ ಇರುವ ಕುಟುಂಬಗಳು ಈ ಊರಿನಲ್ಲಿ ಕೆಲವು ಇವೆ. ನನ್ನ ಅಭಿಪ್ರಾಯವೇನೆಂದು ನಿನಗೆ ತಿಳಿದೇ ಇರಬಹುದಾದರೂ ನಾನು ಅದನ್ನು ಹೇಳಿಲ್ಲವೆಂಬುದು ನೆನಪಿರಲಿ. ನಾಯಿಯನ್ನು ತಂದರೆ ಮೊದಲ ವರ್ಷದ ಲಸಿಕೆ, ಶಸ್ತ್ರಚಿಕಿತ್ಸೆಗಳ ಖರ್ಚು ನನ್ನದು, ರಸೀತಿಯನ್ನು ಕಳಿಸು. ಭಾವಚಿತ್ರವನ್ನು ಕಳಿಸಬೇಡ.

ಇತಿ ನಿನ್ನ ಹಿತಚಿಂತಕನಾದ
ದೊಡ್ಡಪ್ಪ